ನಗುವ ಪತ್ತೇದಾರ, ನಗದ ಬೇಟೆಗಾರ: ‘ದಿ ಲಯನ್ಸ್ ಗೇಮ್’ ಕಾದಂಬರಿಯ ಬಗ್ಗೆ ಕೊಡಗಿನ ಕೆಲವು ಓದುಗರು

ಅಮೆರಿಕದ ಕಾದಂಬರಿಕಾರ ನೆಲ್ಸನ್ ಡಿಮಿಲ್ ಅವರ ‘ದಿ ಲಯನ್ಸ್ ಗೇಮ್’ 2000ನೇ ಇಸವಿಯಲ್ಲಿ ಪ್ರಕಟವಾದ, ಆರುನೂರಕ್ಕೂ ಹೆಚ್ಚು ಪುಟಗಳ ಇಂಗ್ಲಿಷ್ ಥ್ರಿಲ್ಲರ್. ಕಕ್ಕಡದ ಮಳೆ ಹಿಡಿದು ತೋಟದ ಕೆಲಸ ನಿಂತು, ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದ ದಿನಗಳಲ್ಲಿ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆಯ ನಾವು ಕೆಲವರು ಇದರ ಒಂದೇ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಓದಿದೆವು. ಓದಿದವರಲ್ಲಿ ಸೇನೆಯಿಂದ ನಿವೃತ್ತರಾದ ಸುಬೇದಾರರೊಬ್ಬರು, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಉಪನ್ಯಾಸಕಿಯೊಬ್ಬರು, ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರು ಇದ್ದಾರೆ. ಪುಸ್ತಕ ಕುತೂಹಲ ಹಿಡಿದಿಡುತ್ತದೆ ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಜಗಳ ಹತ್ತಿದ್ದು ಅದರ ಹಾಸ್ಯದ ಬಗ್ಗೆ.

ಕಥೆ ಆರಂಭವಾಗುವ ಬಗೆಯನ್ನಷ್ಟು ಹೇಳಿದರೆ ಓದುವವರಿಗೆ ನಷ್ಟವಿಲ್ಲ. ಪ್ಯಾರಿಸ್ಸಿನ ಅಮೆರಿಕನ್ ರಾಯಭಾರ ಕಚೇರಿಯಲ್ಲಿ ತಾನಾಗಿಯೇ ಶರಣಾದ ಅಸದ್ ಖಲೀಲ್ ಎಂಬ ಲಿಬಿಯಾದ ಉಗ್ರನನ್ನು ಇಬ್ಬರು ಎಫ್‌ಬಿಐ ಅಧಿಕಾರಿಗಳ ಕಾವಲಿನಲ್ಲಿ, ಕೈಕೋಳ ತೊಡಿಸಿ, ನ್ಯೂಯಾರ್ಕಿಗೆ ಕರೆತರಲಾಗುತ್ತಿದೆ. ಅಟ್ಲಾಂಟಿಕ್ ಮೇಲೆ ಬರುತ್ತಿರುವ ಆ ವಿಮಾನದ ರೇಡಿಯೊ ಗಂಟೆಗಟ್ಟಲೆ ಮೌನವಾಗಿದ್ದರೂ ವಿಮಾನ ಮಾತ್ರ ಹೇಳಿದ ಹೊತ್ತಿಗೆ, ಹೇಳಿದ ದಾರಿಯಲ್ಲೇ ಬಂದು, ಕೆನೆಡಿ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಇಳಿದು ನಿಲ್ಲುತ್ತದೆ. ಅಗ್ನಿಶಾಮಕ ವಾಹನಗಳು ಸುತ್ತುವರಿದರೂ ಬಾಗಿಲು ತೆರೆಯುವುದಿಲ್ಲ, ಕಾಕ್‌ಪಿಟ್ಟಿನ ಕಿಟಕಿಯಲ್ಲಿ ಯಾರೂ ಕೈ ಆಡಿಸುವುದಿಲ್ಲ. ರಕ್ಷಣಾ ಸಿಬ್ಬಂದಿಯ ಮನಸ್ಸಿನಲ್ಲಿ ಸುಳಿಯುವುದು 1980ರ ಆಗಸ್ಟ್‌ನಲ್ಲಿ ರಿಯಾದಿನಲ್ಲಿ ನಿಜವಾಗಿಯೂ ನಡೆದ ದುರಂತ. ಅಲ್ಲಿ ಬೆಂಕಿ ಹತ್ತಿದ ಸೌದಿಯಾ ವಿಮಾನವೊಂದು ಸುರಕ್ಷಿತವಾಗಿ ನೆಲ ಮುಟ್ಟಿದ್ದರೂ ಬಾಗಿಲು ತೆರೆಯುವಷ್ಟರಲ್ಲಿ ಒಳಗಿದ್ದ 301 ಮಂದಿಯೂ ಸತ್ತಿದ್ದರು. ಮೊದಲ ನೂರು ಪುಟಗಳಲ್ಲಿ ಗುಂಡಿನ ಸದ್ದು ಹೆಚ್ಚೇನೂ ಇಲ್ಲ, ಕಾಯುವುದೇ ಕಥೆ. ಈ ಭಾಗವನ್ನು ನಾನು ಊಟ ಬಿಟ್ಟು ಓದಿದೆ, ಇದಕ್ಕೆ ಸಮನಾದ ಆರಂಭವನ್ನು ಈ ಬಗೆಯ ಕಾದಂಬರಿಗಳಲ್ಲಿ ನಾನು ಹೆಚ್ಚು ಕಂಡಿಲ್ಲ.

ಕಾಯುವವರ ನಡುವೆ ಇರುವ ಜಾನ್ ಕೋರಿಯೇ ಕಥೆಯ ನಿರೂಪಕ. ಕೆಲಸದಲ್ಲಿದ್ದಾಗ ಗುಂಡೇಟು ತಿಂದು ನ್ಯೂಯಾರ್ಕ್ ಪೊಲೀಸ್ ಇಲಾಖೆಯ ಕೊಲೆ ತನಿಖಾ ವಿಭಾಗದಿಂದ ನಿವೃತ್ತನಾದ ಈತ ಈಗ ಭಯೋತ್ಪಾದನೆ ನಿಗ್ರಹ ಪಡೆಯೊಂದರಲ್ಲಿ ಗುತ್ತಿಗೆ ನೌಕರ. ಮೇಲಧಿಕಾರಿ, ಎಫ್‌ಬಿಐ, ಸಿಐಎ, ಜೊತೆಯ ಅಧಿಕಾರಿಣಿ ಕೇಟ್ ಮೇಫೀಲ್ಡ್ ಎಂಬ ಭೇದವಿಲ್ಲದೆ ಎಲ್ಲರ ಮೇಲೂ ಚಟಾಕಿ ಹಾರಿಸುತ್ತಾನೆ. ನಾವೆಲ್ಲ ಮಾವ ಎಂದೇ ಕರೆಯುವ ಸುಬೇದಾರರಿಗೆ ಈತ ಬಹಳ ಹಿಡಿಸಿದ. ಕೆಲಸ ಬಿಗಿಯಾದಷ್ಟೂ ಬ್ಯಾರಕ್ಕಿನಲ್ಲಿ ತಮಾಷೆ ಹೆಚ್ಚುತ್ತದೆ, ಭಯವನ್ನು ಬಾಯಿಬಿಟ್ಟು ಹೇಳಲಾಗದ ಗಂಡಸರು ಹೀಗೆಯೇ ಮಾತನಾಡುವುದು, ಬರೆದವನು ಸಮವಸ್ತ್ರ ಹಾಕಿದವನೇ ಇರಬೇಕು ಎಂಬುದು ಅವರ ವಾದ. ಅವರ ಊಹೆ ಸರಿ. ಡಿಮಿಲ್ ವಿಯೆಟ್ನಾಂ ಯುದ್ಧದಲ್ಲಿ ಕಾಲಾಳು ಪಡೆಯ ಲೆಫ್ಟಿನೆಂಟ್ ಆಗಿದ್ದವರು.

ಉಪನ್ಯಾಸಕಿಯವರು ಇದನ್ನು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಕೋರಿಯ ಚಟಾಕಿಗಳಲ್ಲಿ ಅರ್ಧದಷ್ಟು ಹೆಂಗಸರ ಮೇಲೆ, ಉಳಿದುದರಲ್ಲಿ ಬಹುಪಾಲು ಅರಬರ ಮೇಲೆ. ಒಮ್ಮೆ ನಗು ಬರಿಸಿದ ಧಾಟಿ ಹತ್ತನೆಯ ಸಲಕ್ಕೆ ಚಟವಾಗಿ ಕಾಣುತ್ತದೆ. ಜೊತೆಗೆ ಕೆಲಸ ಮಾಡುವ ಹೆಂಗಸು ಇದನ್ನೆಲ್ಲ ಸಹಿಸಿಕೊಂಡು ಅವನನ್ನೇ ಮೆಚ್ಚುವಂತೆ ಬರೆದದ್ದು ಲೇಖಕರ ಸೋಮಾರಿತನ ಎಂದು ಅವರು ಹೇಳಿದರು. ನನಗೂ ಆ ಪ್ರೇಮ ಪ್ರಕರಣ ರುಚಿಸಲಿಲ್ಲ. ಕೆಲವೇ ದಿನಗಳ ಪರಿಚಯದಲ್ಲಿ ಅದು ಮುಂದುವರಿಯುವ ವೇಗಕ್ಕೆ ತನಿಖೆಯೇ ಹಿಂದೆ ಬೀಳುತ್ತದೆ.

ಆದರೂ ಹಾಸ್ಯವನ್ನು ತೆಗೆದುಬಿಟ್ಟರೆ ಪುಸ್ತಕ ಬಿಗಿಯಾಗುತ್ತಿತ್ತು ಎಂಬ ಅವರ ತೀರ್ಮಾನಕ್ಕೆ ನನ್ನ ಒಪ್ಪಿಗೆಯಿಲ್ಲ, ಏಕೆಂದರೆ ಇಲ್ಲಿ ಭಯ ಹುಟ್ಟುವುದೇ ಆ ಹಾಸ್ಯದ ಪಕ್ಕದಲ್ಲಿ. ಕೋರಿಯ ಅಧ್ಯಾಯಗಳು ಅವನ ಬಾಯಲ್ಲೇ ಬರುತ್ತವೆ; ಖಲೀಲನ ಅಧ್ಯಾಯಗಳು ಹೊರಗಿನಿಂದ, ತಣ್ಣಗಿನ ದನಿಯಲ್ಲಿ, ಒಂದು ನಗೆಯೂ ಇಲ್ಲದೆ ಸಾಗುತ್ತವೆ. ತಪ್ಪಿಸಿಕೊಂಡ ಖಲೀಲ್ ದೇಶ ಬಿಟ್ಟು ಓಡಿರಬೇಕೆಂದು ಅಧಿಕಾರಿಗಳು ಸಭೆಯಲ್ಲಿ ಕುಳಿತು ವಾದಿಸುತ್ತಿರುವಾಗ ಅವನು ಬಾಡಿಗೆ ಕಾರಿನಲ್ಲಿ ಯಾವ ಹೆದ್ದಾರಿಯಲ್ಲಿದ್ದಾನೆ, ಯಾರ ಮನೆಯ ಬಾಗಿಲಿಗೆ ಹೋಗುತ್ತಿದ್ದಾನೆ ಎಂಬುದು ನಮಗೆ ಗೊತ್ತಿರುತ್ತದೆ. ಹಾಗಾಗಿ ಕೋರಿ ಹಾರಿಸುವ ಒಂದೊಂದು ಚಟಾಕಿಯೂ ಅವನಿಗೆ ಗೊತ್ತಿಲ್ಲದ್ದನ್ನು ನಮಗೆ ನೆನಪಿಸುತ್ತದೆ. ಅಜ್ಜನ ಕಾಲದ ಬೇಟೆಯ ಕಥೆ ಕೇಳಿ ಬೆಳೆದ ಬೆಳೆಗಾರರು ಇದನ್ನು ಇನ್ನೂ ಚೆನ್ನಾಗಿ ಹೇಳಿದರು: ಮರೆಯಲ್ಲಿ ಕುಳಿತವನು ಕೆಮ್ಮುವುದೂ ಇಲ್ಲ, ಗದ್ದಲವೆಲ್ಲ ಪ್ರಾಣಿಯನ್ನೆಬ್ಬಿಸಲು ಕಾಡು ಸೋಹುವವರದ್ದು.

ಈ ಎರಡೂ ದನಿಗಳು ಒಂದೇ ಕಡೆ ಸೇರುವ ಪ್ರಸಂಗವೊಂದಿದೆ. ಕುಡಿತಕ್ಕೆ ಬಿದ್ದು, ಬಾಡಿಗೆಗೆ ಸಣ್ಣ ವಿಮಾನ ಓಡಿಸುತ್ತಿರುವ ಮಾಜಿ ವಾಯುಪಡೆ ಅಧಿಕಾರಿಯೊಬ್ಬ ಸುಳ್ಳು ಹೆಸರು ಹೇಳಿಕೊಂಡು ಬಂದ ಖಲೀಲನನ್ನು ಗಿರಾಕಿಯೆಂದು ಹತ್ತಿಸಿಕೊಳ್ಳುತ್ತಾನೆ. ದಾರಿಯುದ್ದಕ್ಕೂ ತಾನು ಹಿಂದೆ ಲಿಬಿಯಾದ ಮೇಲೆ ಬಾಂಬು ಹಾಕಿದ ಶೌರ್ಯವನ್ನು ಕೊಚ್ಚಿಕೊಳ್ಳುತ್ತಾನೆ. ಪಕ್ಕದ ಸೀಟಿನಲ್ಲಿ ಕುಳಿತವನು ವಿನಯದಿಂದ ಇನ್ನೊಂದು ಪ್ರಶ್ನೆ ಕೇಳುತ್ತಾನೆ. ಪೈಲಟ್ ಹುರುಪಿನಿಂದ ಇನ್ನಷ್ಟು ಹೇಳುತ್ತಾನೆ. ಓದುವವರಿಗೆ ನಗು ಬರುತ್ತದೆ, ನಕ್ಕದ್ದಕ್ಕೆ ಹೊಟ್ಟೆಯೊಳಗೆ ತಳಮಳವೂ ಆಗುತ್ತದೆ. ಉಪನ್ಯಾಸಕಿಯವರೂ ಈ ಒಂದು ಪ್ರಸಂಗಕ್ಕೆ ಪೂರ್ತಿ ಅಂಕ ಕೊಟ್ಟರು.

ಆ ಬಾಂಬ್ ದಾಳಿ ಕಾದಂಬರಿಯ ಕಲ್ಪನೆಯಲ್ಲ. ಪಶ್ಚಿಮ ಬರ್ಲಿನ್ನಿನಲ್ಲಿ ಅಮೆರಿಕನ್ ಸೈನಿಕರು ಸೇರುತ್ತಿದ್ದ ಡಿಸ್ಕೊ ಒಂದರಲ್ಲಿ 1986ರ ಏಪ್ರಿಲ್ 5ರಂದು ಬಾಂಬು ಸಿಡಿದದ್ದಕ್ಕೆ ಪ್ರತೀಕಾರವಾಗಿ ಅದೇ ತಿಂಗಳ 15ರ ನಸುಕಿನಲ್ಲಿ ಅಮೆರಿಕ ಟ್ರಿಪೋಲಿ ಮತ್ತು ಬೆಂಗಾಜಿಗಳ ಮೇಲೆ ದಾಳಿ ಮಾಡಿತು. ಫ್ರಾನ್ಸ್ ತನ್ನ ಆಕಾಶವನ್ನು ಬಿಟ್ಟುಕೊಡದ ಕಾರಣ ಬ್ರಿಟನ್ನಿನಿಂದ ಹೊರಟ ಎಫ್-111 ವಿಮಾನಗಳು ಜಿಬ್ರಾಲ್ಟರ್ ಮೇಲಿನಿಂದ ಸುತ್ತಿ ಹೋದವು, ಅವುಗಳಲ್ಲೊಂದು ಇಬ್ಬರು ಸಿಬ್ಬಂದಿಯೊಂದಿಗೆ ಮರಳಲಿಲ್ಲ. ಕಾದಂಬರಿಯ ಖಲೀಲ್ ಆ ರಾತ್ರಿ ಹದಿಹರೆಯದ ಹುಡುಗ. ಅವನ ಮನೆಯವರೆಲ್ಲ ಅಲ್ಲಿ ಸಾಯುತ್ತಾರೆ. ಅಂದು ಹಾರಿದವರ ಹೆಸರುಗಳು ಸರಕಾರದ ಗುಟ್ಟಾಗಿದ್ದರೂ ಅವನ ಕೈಗೆ ಹೇಗೋ ಪಟ್ಟಿ ಸಿಕ್ಕಿದೆ.

ಇಲ್ಲಿ ಕೊಡಗಿನ ಓದುಗರಿಗೆ ಪುಸ್ತಕ ಬೇರೆಯೇ ರೀತಿಯಲ್ಲಿ ತಟ್ಟುತ್ತದೆ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ತಮ್ಮ ಮಿಸ್ಟೇರ್ ವಿಮಾನದಿಂದ ಪಾಕಿಸ್ತಾನದ ಸ್ಟಾರ್‌ಫೈಟರ್ ಒಂದನ್ನು ಉರುಳಿಸಿ ಮಡಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು ನಮ್ಮವರು. ಅವರು ಅಂದು ಮಾಡಿದ್ದೇನೆಂಬುದು ಹೊರಬೀಳಲು ವರ್ಷಗಳೇ ಹಿಡಿದವು, ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ ಅದೇ ಯುದ್ಧದಲ್ಲಿ ವಿಮಾನ ಕಳೆದುಕೊಂಡು ಸೆರೆಸಿಕ್ಕಿದ್ದರು. ಇಂಥ ಊರಿನಲ್ಲಿ ನಿವೃತ್ತ ಪೈಲಟ್ ಎಂದರೆ ಮದುವೆ ಮನೆಯಲ್ಲಿ ಪಕ್ಕದಲ್ಲಿ ಕುಳಿತು ಮಾತನಾಡಿಸುವ ಮನುಷ್ಯ. ಆದ್ದರಿಂದ ಪಟ್ಟಿಯಲ್ಲಿದ್ದ ಪೈಲಟ್‌ಗಳ ಮನೆಗಳನ್ನು ಖಲೀಲ್ ಒಂದೊಂದಾಗಿ ಹುಡುಕಿಕೊಂಡು ಹೋಗುವಾಗ ಸುಬೇದಾರ್ ಮಾವ ಓದು ನಿಲ್ಲಿಸಿ ಹೊರಗೆ ಹೋಗಿ ಬಂದರಂತೆ. ಹಾಗಿದ್ದೂ, ಮನೆಮಂದಿಯನ್ನೆಲ್ಲ ಕಳೆದುಕೊಂಡ ಹುಡುಗನ ಸಿಟ್ಟು ಸುಳ್ಳೆಂದು ತನಗೆ ಒಮ್ಮೆಯೂ ಅನಿಸಲಿಲ್ಲ ಎಂದವರೂ ಅವರೇ. ಡಿಮಿಲ್ ಖಲೀಲನನ್ನು ಸಮರ್ಥಿಸುವುದಿಲ್ಲ, ಗೊಂಬೆಯನ್ನಾಗಿಯೂ ಮಾಡುವುದಿಲ್ಲ.

ಕೊರತೆಗಳಿಗೆ ಬರುವುದಾದರೆ, ನೂರೈವತ್ತು ಪುಟ ಕಡಿಮೆಯಾಗಿದ್ದರೂ ಏನೂ ಕಳೆದುಕೊಳ್ಳುತ್ತಿರಲಿಲ್ಲ. ಮಧ್ಯಭಾಗದ ಕೊಲೆಗಳು ಒಂದೇ ಅಚ್ಚಿನಲ್ಲಿ ಬರುತ್ತವೆ, ನಮಗೆ ಗೊತ್ತಿರುವುದನ್ನೇ ಅಧಿಕಾರಿಗಳು ಪ್ರತಿ ಸಭೆಯಲ್ಲೂ ಹೊಸದಾಗಿ ಕಂಡುಹಿಡಿಯುತ್ತಾರೆ. ಕೊನೆಯನ್ನು ಇಲ್ಲಿ ಬಿಚ್ಚಿಡುವುದಿಲ್ಲ. 2010ರಲ್ಲಿ ‘ದಿ ಲಯನ್’ ಎಂಬ ಮುಂದುವರಿಕೆ ಬಂದಿತೆಂದರೆ ಜಾಣ ಓದುಗರು ಊಹಿಸಿಕೊಳ್ಳಬಹುದು. ಇಷ್ಟು ದೂರ ನಡೆಸಿಕೊಂಡು ಬಂದು ಹೀಗೆ ಬಿಟ್ಟುಬಿಡುವುದೇ ಎಂದು ನಮ್ಮಲ್ಲಿ ಮೂವರು ಗೊಣಗಿದರು. ನಾನೂ ಗೊಣಗಿದೆ.

ಇನ್ನೊಂದು ಮಾತು. ಈ ಕಾದಂಬರಿ ಬಂದದ್ದು 2001ರ ಸೆಪ್ಟೆಂಬರ್ 11ಕ್ಕೆ ಮೊದಲು. ನ್ಯೂಯಾರ್ಕಿಗೆ ಬರುವ ಆ ಕಾಲ್ಪನಿಕ ವಿಮಾನದ ಸಂಖ್ಯೆ 175. ಅವಳಿ ಕಟ್ಟಡಗಳ ದಕ್ಷಿಣ ಗೋಪುರಕ್ಕೆ ಬಡಿದ ಯುನೈಟೆಡ್ ವಿಮಾನದ ಸಂಖ್ಯೆಯೂ 175. ಕೇವಲ ಕಾಕತಾಳೀಯವೇ ಆದರೂ ಇಂದು ಓದುವವರು ಆ ಸಂಖ್ಯೆಯನ್ನು ದಾಟಿ ಸುಮ್ಮನೆ ಮುಂದೆ ಹೋಗಲಾರರು.

ಕೋರಿಯ ಮೊದಲ ಕಥೆ 1997ರ ‘ಪ್ಲಮ್ ಐಲ್ಯಾಂಡ್’. ಅದನ್ನು ಓದದಿದ್ದರೂ ಇಲ್ಲಿ ಅಡ್ಡಿಯಾಗುವುದಿಲ್ಲ. ಅಮೆರಿಕದ ಬೀದಿ ಮಾತಿನ ಚಟಾಕಿಗಳು ಕೆಲವು ನಮಗೆ ತಾಗದೆ ಹಾರಿಹೋಗುತ್ತವೆ, ಅವುಗಳಿಗಾಗಿ ನಿಂತು ನಿಘಂಟು ಹುಡುಕುವ ಅಗತ್ಯವಿಲ್ಲ. ಕೊಳ್ಳುವವರು ದೊಡ್ಡ ಅಳತೆಯ ಮುದ್ರಣವನ್ನೇ ಕೊಳ್ಳುವುದು ಒಳ್ಳೆಯದು. ನಮ್ಮ ಜೇಬುಪುಸ್ತಕದ ಅಕ್ಷರ ಬಹಳ ಸಣ್ಣದು, ಮೂರನೆಯವರ ಕೈ ಸೇರುವ ಹೊತ್ತಿಗೆ ಬೆನ್ನು ಬಿರಿದು ನಡುವಿನ ಹಾಳೆಗಳು ಕಳಚತೊಡಗಿದ್ದವು.