ಬಿಸಿಲಿನ ಕಾರಿನಲ್ಲಿ ಕ್ಯಾಮೆರಾ: ಥರ್ಮಲ್ ಬ್ಯಾಗಿನ ದೀರ್ಘ ಬಳಕೆಯ ವಿಮರ್ಶೆ

ಈ ಬ್ಯಾಗು ಯಾವುದನ್ನೂ ತಂಪು ಮಾಡುವುದಿಲ್ಲ. ಒಳಗೆ ಏನಿಟ್ಟಿದ್ದೀರೋ ಅದು ಬಿಸಿಯಾಗುವುದನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಅಷ್ಟೆ. ಆ ಸ್ವಲ್ಪ ಹೊತ್ತು ಎಷ್ಟು ಎಂಬುದು ಬ್ಯಾಗಿಗಿಂತ ಹೆಚ್ಚಾಗಿ ನಾವು ಅದನ್ನು ತುಂಬುವ ರೀತಿಯ ಮೇಲೆ ನಿಂತಿದೆ. ಇಷ್ಟನ್ನು ಒಪ್ಪಿಕೊಂಡು ಕೊಳ್ಳುವವರಿಗೆ 5ಕ್ಕೆ 4 ಅಂಕ ಕೊಡಬಹುದಾದ ವಸ್ತು. ಜಾಹೀರಾತಿನ 'ಎಂಟು ಗಂಟೆ ತಂಪು' ಎಂಬ ಸಾಲನ್ನು ನಂಬಿ ಕೊಳ್ಳುವವರಿಗೆ 2 ಅಂಕವೂ ಹೆಚ್ಚು.

ನಾನು ಅಕ್ಕಲಕೋಟೆಯಲ್ಲಿ ಮದುವೆಗಳ ಫೋಟೊ, ವಿಡಿಯೊ ತೆಗೆಯುವವನು. ಮೈಂದರ್ಗಿ, ದುಧನಿ, ನಾಗಣಸೂರ ಕಡೆಯ ಮದುವೆಗಳು ಬಸವ ಜಯಂತಿಯ ಹಿಂದೆ ಮುಂದೆ ಸಾಲುಗಟ್ಟಿ ಬರುತ್ತವೆ. ನಮ್ಮ ಸೋಲಾಪುರ ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದೂ ಆಗಲೇ. ಮಂಗಲ ಕಾರ್ಯಾಲಯದ ಒಳಗೆ ಎಲ್ಲ ಸಾಮಾನನ್ನೂ ಹೊತ್ತು ತಿರುಗಲಾಗುವುದಿಲ್ಲ. ಜನಜಂಗುಳಿಯಲ್ಲಿ ಒಂದು ಮೂಲೆಯಲ್ಲಿ ಇಟ್ಟು ನಿಶ್ಚಿಂತೆಯಿಂದ ಇರಲೂ ಆಗುವುದಿಲ್ಲ. ಹಾಗಾಗಿ ಎರಡನೆಯ ಕ್ಯಾಮೆರಾ, ಲ್ಯಾಪ್‌ಟಾಪ್, ಡ್ರೋನಿನ ಬ್ಯಾಟರಿಗಳು ಕಾರಿನಲ್ಲೇ ಉಳಿಯುತ್ತವೆ. ನನ್ನದು ಹ್ಯಾಚ್‌ಬ್ಯಾಕ್. ಡಿಕ್ಕಿಯ ಮೇಲೂ ಗಾಜು, ಅಲ್ಲಿಗೂ ಬಿಸಿಲು.

ಅಮೆರಿಕದ ಅರಿಜೋನ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಅಂಕಿಗಳು ನಮ್ಮ ಊರಿಗೂ ಹೊಂದುತ್ತವೆ. ಹೊರಗೆ 38 ಡಿಗ್ರಿ ಮೀರಿದ ದಿನಗಳಲ್ಲಿ ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರಿನೊಳಗಿನ ಗಾಳಿ ಸರಾಸರಿ 47 ಡಿಗ್ರಿ, ಡ್ಯಾಶ್‌ಬೋರ್ಡ್ 69 ಡಿಗ್ರಿ ತಲುಪಿತ್ತು. ನೆರಳಿನಲ್ಲಿ ನಿಂತ ಕಾರುಗಳಲ್ಲಿ ಇವು 38 ಮತ್ತು 48. ಐಫೋನ್, ಮ್ಯಾಕ್‌ಬುಕ್‌ಗಳನ್ನು ಬಳಸದೆ ಇಡುವಾಗಲೂ 45 ಡಿಗ್ರಿ ಮೀರಬಾರದು ಎಂದು ಆಪಲ್ ಹೇಳುತ್ತದೆ. ಹೆಚ್ಚಿನ ಕ್ಯಾಮೆರಾಗಳಿಗೆ ಕೆಲಸ ಮಾಡುವಾಗಿನ ಮಿತಿ 40. ಅಂದರೆ ನೆರಳಿನಲ್ಲಿ ನಿಂತ ಕಾರಿನಲ್ಲೂ ನಾವು ಅಂಚಿನಲ್ಲೇ ಇದ್ದೇವೆ. ಮೊದಲು ನೆರಳು, ಆಮೇಲೆ ಬ್ಯಾಗು. ಅಕ್ಕಲಕೋಟೆ ಇರುವುದು ಸುಮಾರು 17.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೆಯ ವಾರದ ನಡುಹಗಲಿಗೆ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಗೋಡೆಯ ಪಕ್ಕದ ನೆರಳು ಆಗ ಇಲ್ಲವೇ ಇಲ್ಲ, ಮರದ ನೆರಳೊಂದೇ ಗತಿ. ಕಾರ್ಯಾಲಯ ತಲುಪಿದ ಕೂಡಲೇ ಕಾವಲುಗಾರರಿಗೆ, "ಕಾಕಾ, ಆ ಬೇವಿನ ಕೆಳಗಿನ ಜಾಗ ಖಾಲಿಯಾದರೆ ಹೇಳಿರಿ" ಎಂದು ಹೇಳಿಟ್ಟೇ ಒಳಗೆ ಹೋಗುತ್ತೇನೆ.

ಈಗ ಬ್ಯಾಗಿನ ಮಾತು. ಹೊರಗೆ ದಪ್ಪ ಬಟ್ಟೆ, ನಡುವೆ ಬೆರಳಿಗಿಂತ ತೆಳುವಾದ ಫೋಮ್, ಒಳಗೆ ಬೆಳ್ಳಿ ಬಣ್ಣದ ಹಾಳೆಯ ಅಸ್ತರ. ಇಷ್ಟು ತೆಳು ಫೋಮ್ ಇರುವ ಬ್ಯಾಗಿನಲ್ಲಿ ಬರೀ ಕ್ಯಾಮೆರಾ, ಲ್ಯಾಪ್‌ಟಾಪ್ ಇಟ್ಟರೆ ಅರ್ಧ ಗಂಟೆ ಕಾಯುತ್ತದೆ; ಗಂಟೆಯಾಗುವಷ್ಟರಲ್ಲಿ ಒಳಗಿನ ಬಿಸಿ ಕಾರಿನ ಬಿಸಿಯ ಸಮೀಪಕ್ಕೆ ಬಂದಿರುತ್ತದೆ. ತಂತಿಯಿರುವ ಚಿಕ್ಕ ಡಿಜಿಟಲ್ ಥರ್ಮಾಮೀಟರನ್ನು ಒಳಗೆ ಬಿಟ್ಟು ಮತ್ತೆ ಮತ್ತೆ ನೋಡಿ ಹೇಳುತ್ತಿದ್ದೇನೆ.

ಎಲ್ಲವನ್ನೂ ಬದಲಿಸಿದ್ದು ನೀರು. ಲೋಹ, ಪ್ಲಾಸ್ಟಿಕ್, ಗಾಜು ಬೇಗ ಬಿಸಿಯಾಗುವ ವಸ್ತುಗಳು. ಒಂದು ಕಿಲೋ ಅಲ್ಯೂಮಿನಿಯಮ್ಮನ್ನು ಒಂದು ಡಿಗ್ರಿ ಬಿಸಿ ಮಾಡುವ ಶಾಖದ ನಾಲ್ಕೂವರೆ ಪಟ್ಟಿಗೂ ಹೆಚ್ಚು ಶಾಖ ಒಂದು ಕಿಲೋ ನೀರಿಗೆ ಬೇಕು. ಬಿಗಿಯಾದ ಮುಚ್ಚಳದ, ಒಂದೊಂದು ಲೀಟರಿನ ಎರಡು ಬಾಟಲಿಗಳಲ್ಲಿ ಮನೆಯ ಫ್ರಿಜ್ಜಿನ ನೀರನ್ನು ತುಂಬಿ, ಒಣ ಬಟ್ಟೆಯಲ್ಲಿ ಸುತ್ತಿ, ಬ್ಯಾಗಿನ ಎರಡು ಬದಿಗೆ ನಿಲ್ಲಿಸುತ್ತೇನೆ. ಒಳಗೆ ಬರುವ ಶಾಖದ ಬಹುಪಾಲನ್ನು ಅವೇ ನುಂಗಿಕೊಳ್ಳುತ್ತವೆ. ಮಧ್ಯಾಹ್ನದ ಅಕ್ಷತೆ, ಊಟ ಮುಗಿಸಿ ಬಂದು ನೋಡಿದರೂ ಥರ್ಮಾಮೀಟರು 35ರ ಆಚೀಚೆ ಇರುತ್ತದೆ. ಕೊನೆಗೆ ಆ ನೀರನ್ನು ಕುಡಿಯಲೂ ಬಹುದು.

ಬರ್ಫ ಬೇಡವೇ ಎಂದು ಜೊತೆಯ ಫೋಟೊಗ್ರಾಫರರು ಕೇಳುತ್ತಾರೆ. ಬೇಡ. ಬರ್ಫದ ಬಲ ದೊಡ್ಡದು ನಿಜ, ಕರಗುವಾಗ ಗ್ರಾಮಿಗೆ 334 ಜೂಲ್ ಶಾಖ ಹೀರುತ್ತದೆ. ಆದರೆ ಸೊನ್ನೆ ಡಿಗ್ರಿಯ ಮೇಲ್ಮೈ ಸುತ್ತಲಿನ ಗಾಳಿಯಿಂದ ತೇವವನ್ನೂ ಎಳೆದು ಹನಿಯಾಗಿಸುತ್ತದೆ. ಆ ಹನಿ ಲೆನ್ಸಿನೊಳಗೆ, ಬ್ಯಾಟರಿಯ ಲೋಹದ ತುದಿಗಳಲ್ಲಿ ಕೂತರೆ ಬಿಸಿಲು ಮಾಡುವ ಹಾನಿಯನ್ನು ಅದೇ ಮಾಡಿಬಿಡುತ್ತದೆ. ನಮ್ಮ ಏಪ್ರಿಲ್ ಗಾಳಿ ಒಣ ಗಾಳಿ, ಆದ್ದರಿಂದ ಫ್ರಿಜ್ಜಿನ ನೀರಿನ ಬಾಟಲಿ ಬೆವರಿದರೂ ಸ್ವಲ್ಪವೇ. ಸುತ್ತಿದ ಬಟ್ಟೆ ಅದನ್ನು ಹೀರಿಕೊಳ್ಳುತ್ತದೆ. ಮೃಗಶಿರ ಮಳೆ ಬಂದ ಮೇಲೆ ಆ ಧೈರ್ಯ ಸಲ್ಲದು. ಆಗ ಫ್ರಿಜ್ಜಿನ ನೀರು ಬಿಟ್ಟು ಮಡಕೆಯ ನೀರು ತುಂಬುತ್ತೇನೆ, ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕುತ್ತೇನೆ. ಕರಾವಳಿಯ ಕಾಸರಗೋಡಿನಂಥ ಊರುಗಳವರು ವರ್ಷವಿಡೀ ಹೀಗೇ ಮಾಡಬೇಕಾದೀತು.

ಇನ್ನೊಂದು ಮುಖ್ಯ ವಿಷಯ. ಫೋಮ್ ಹೊರಗಿನ ಶಾಖವನ್ನು ಒಳಗೆ ಬಿಡದಂತೆಯೇ ಒಳಗಿನ ಶಾಖವನ್ನು ಹೊರಗೂ ಬಿಡುವುದಿಲ್ಲ. ಲ್ಯಾಪ್‌ಟಾಪನ್ನು ಸ್ಲೀಪ್‌ನಲ್ಲಿಟ್ಟು ಬ್ಯಾಗಿಗೆ ತುಂಬಿದರೆ ಅದು ನಡುವೆ ಎಚ್ಚರಗೊಂಡು ತನ್ನ ಶಾಖದಲ್ಲಿ ತಾನೇ ಬೇಯುತ್ತದೆ. ಪೂರ್ತಿ ಆಫ್ ಮಾಡಿಯೇ ಇಡಬೇಕು. ಪವರ್ ಬ್ಯಾಂಕಿಗೆ ಫೋನು ಸಿಕ್ಕಿಸಿ ಒಳಗಿಡುವುದಂತೂ ಕೂಡದೇ ಕೂಡದು. ಮೆಮೊರಿ ಕಾರ್ಡುಗಳಿಗೆ ಈ ಚಿಂತೆ ಇಲ್ಲ. ಸಾಮಾನ್ಯವಾಗಿ 85 ಡಿಗ್ರಿಯವರೆಗೆ ಕೆಲಸ ಮಾಡುವಂತೆ ಅವನ್ನು ತಯಾರಿಸಿರುತ್ತಾರೆ.

ನಿಜವಾಗಿ ಕಾಯಬೇಕಾದ್ದು ಲಿಥಿಯಂ ಬ್ಯಾಟರಿಗಳನ್ನು. ಶಾಖ ಹೆಚ್ಚಿದಷ್ಟೂ ಅವುಗಳೊಳಗಿನ ರಾಸಾಯನಿಕ ಸವೆತ ವೇಗವಾಗುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ಇನ್ನೂ ವೇಗ. ಹೀಗೆ ಕಳೆದುಹೋದ ಸಾಮರ್ಥ್ಯ ತಂಪು ಮಾಡಿದರೂ ಮರಳುವುದಿಲ್ಲ. ಆದ್ದರಿಂದ ಡ್ರೋನಿನ ಬ್ಯಾಟರಿಗಳನ್ನು ಅರ್ಧ ಚಾರ್ಜಿನಲ್ಲಿ ಒಯ್ದು, ಬಳಸುವ ಮುಂಚೆ ಕಾರ್ಯಾಲಯದ ಫ್ಯಾನಿನ ಕೆಳಗೆ ತಣಿಯಲು ಬಿಟ್ಟು ಉಳಿದದ್ದನ್ನು ತುಂಬಿಸುತ್ತೇನೆ. ಉಬ್ಬಿದ ಬ್ಯಾಟರಿಯನ್ನು ಯಾರೂ ಈ ಬ್ಯಾಗಿನಲ್ಲಾಗಲಿ ಕಾರಿನಲ್ಲಾಗಲಿ ಇಡಬೇಡಿರಿ, ಬೆಂಕಿಯ ಅಪಾಯವಿದೆ.

ಬ್ಯಾಗನ್ನು ಇಡುವ ಜಾಗ ಮುಂದಿನ ಸೀಟಿನ ಹಿಂದೆ, ನೆಲದ ಮೇಲೆ. ಬಿಸಿ ಗಾಳಿ ಮೇಲೇರುತ್ತದೆ, ಕಿಟಕಿಯ ಬಿಸಿಲೂ ಅಲ್ಲಿಗೆ ಕಡಿಮೆ. ಮೇಲೆ ನಾಲ್ಕು ಮಡಿಕೆಯ ಸೋಲಾಪುರಿ ಚಾದರ ಹೊದಿಸುತ್ತೇನೆ. ಕಂಪನಿ ಉಳಿಸಿದ ಫೋಮಿನ ಕೊರತೆಯನ್ನು ಆ ದಪ್ಪ ಹತ್ತಿ ತುಂಬಿಕೊಡುತ್ತದೆ, ಒಳಗೆ ಬ್ಯಾಗಿದೆ ಎಂಬುದೂ ದಾರಿಹೋಕರ ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಗಾಜಿಗೆ ಬೆಳ್ಳಿ ಪರದೆ ಹಾಕಿದರೆ ಡ್ಯಾಶ್‌ಬೋರ್ಡ್ ಕಾಯುವುದು ಗಣನೀಯವಾಗಿ ಇಳಿಯುತ್ತದೆ. ಕಿಟಕಿಯನ್ನು ಬೆರಳಷ್ಟು ಇಳಿಸುವುದರಿಂದ ಹೇಳಿಕೊಳ್ಳುವ ಲಾಭ ಕಾಣಲಿಲ್ಲ.

ಬಾಳಿಕೆಯ ವಿಷಯದಲ್ಲಿ ನನಗೆ ಅಸಮಾಧಾನವಿದೆ. ಮೊದಲ ಬೇಸಿಗೆ ಮುಗಿಯುವಷ್ಟರಲ್ಲಿ ಒಳಗಿನ ಬೆಳ್ಳಿ ಅಸ್ತರ ಮಡಿಕೆಗಳಲ್ಲಿ ಬಿರಿಯಿತು. ಜಿಪ್ಪಿನ ಉದ್ದಕ್ಕೂ ಫೋಮ್ ಇಲ್ಲ. ಶಾಖ ನುಗ್ಗುವ ದೊಡ್ಡ ಬಾಗಿಲು ಅದೇ. ಮಾರಿದವರಿಗೆ ಬರೆದರೆ, ಅಸ್ತರ ವಾರಂಟಿಯಲ್ಲಿ ಬರುವುದಿಲ್ಲ ಎಂಬ ಉತ್ತರ ಬಂತು. ಆ ಬೆಲೆಗೆ ಇದು ಅನ್ಯಾಯ. ಜಿಪ್ಪಿನ ಮೇಲೆ ಮುಚ್ಚಿಕೊಳ್ಳುವಂತೆ ಫೋಮಿನ ಪಟ್ಟಿಯೊಂದನ್ನು ಊರಿನ ದರ್ಜಿಯಿಂದ ಹೊಲಿಸಿಕೊಂಡೆ, ಬಿರಿದ ಕಡೆ ಅಲ್ಯೂಮಿನಿಯಮ್ ಟೇಪು ಹಚ್ಚಿದೆ. ಈಗ ಮೊದಲಿಗಿಂತ ಗಟ್ಟಿಯಾಗಿದೆ.

ಇಡೀ ದಿನ ಕಾರನ್ನು ಬಯಲಿನಲ್ಲಿ ನಿಲ್ಲಿಸುವ ಕೆಲಸ ನಿಮ್ಮದಾದರೆ ಇದನ್ನು ಕೊಳ್ಳಬೇಡಿರಿ. ಮೀನು, ಐಸ್‌ಕ್ರೀಮು ಸಾಗಿಸುವವರ ಬಳಿ ಇರುವಂಥ ದಪ್ಪ ಗೋಡೆಯ ಗಟ್ಟಿ ಡಬ್ಬಿಯನ್ನು ತೆಗೆದುಕೊಂಡು, ಇದೇ ನೀರಿನ ಬಾಟಲಿಗಳನ್ನು ಅದರಲ್ಲಿಡಿರಿ. ಚೈತ್ರದಲ್ಲಿ ಸ್ವಾಮಿ ಸಮರ್ಥರ ಪುಣ್ಯತಿಥಿಗೆ ಅಕ್ಕಲಕೋಟೆ ತುಂಬಿ, ಕಾರನ್ನು ಊರ ಹೊರಗೆ ಬಿಟ್ಟು ಬರಬೇಕಾದ ದಿನಗಳಲ್ಲಿ ನಾನೂ ಈ ಬ್ಯಾಗನ್ನು ಕಾರಿನಲ್ಲಿ ಬಿಡುವುದಿಲ್ಲ. ಹೆಗಲಿಗೆ ಹಾಕಿಕೊಂಡೇ ನಡೆಯುತ್ತೇನೆ.