ಹಳೆಯ ಜಿಪ್ಸಿ ಕಿಂಗ್: ನಡುಗುವ ಸ್ಟೀರಿಂಗ್ ಮತ್ತು ಉಳಿದ ರಿಪೇರಿಗಳು

ಮಾರುತಿಯ ಜೀಪಿನಂಥ ಫೋರ್‌ವೀಲ್ ಗಾಡಿಯಾದ ಜಿಪ್ಸಿಯನ್ನು ಹಳೆಯದಾಗಿ ಕೊಳ್ಳಬಹುದೇ ಎಂದು ವಿಚಾರಿಸುವವರು ಸಾಮಾನ್ಯವಾಗಿ ಎಂಜಿನ್ನಿನ ಸದ್ದು ಕೇಳಿ, ಹೊಗೆಯ ಬಣ್ಣ ನೋಡಿ ತೃಪ್ತರಾಗುತ್ತಾರೆ. ಅವರು ಮೊದಲು ನೋಡಬೇಕಾದದ್ದು ಮುಂದಿನ ಆಕ್ಸಲ್, ಅಂದರೆ ಎರಡು ಚಕ್ರಗಳನ್ನು ಹೊತ್ತ ಅಚ್ಚು. ಗಂಟೆಗೆ 50-60 ಕಿ.ಮೀ. ವೇಗದಲ್ಲಿ ಮುಂದಿನ ಒಂದು ಚಕ್ರ ಸಣ್ಣ ಗುಂಡಿಗೆ ಇಳಿದೆದ್ದರೆ ಸಾಕು, ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳತೊಡಗುತ್ತದೆ. ವೇಗವನ್ನು ಸಾಕಷ್ಟು ತಗ್ಗಿಸುವವರೆಗೆ ಅದು ನಿಲ್ಲುವುದಿಲ್ಲ, ಹಿಡಿದ ಕೈ ಮೊಣಕೈಯವರೆಗೂ ಜುಮ್ಮೆನ್ನುತ್ತದೆ. ಹಳೆಯ ಜಿಪ್ಸಿಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ಅನೇಕ ಮಾಲೀಕರು ಇದನ್ನು ಗಾಡಿಯ ಸ್ವಭಾವವೆಂದೇ ಒಪ್ಪಿಕೊಂಡು ನಲವತ್ತರ ಮೇಲೆ ಹೋಗುವುದನ್ನೇ ಬಿಟ್ಟಿದ್ದಾರೆ.

ನನ್ನದು 1998ರ ಗಾಡಿ, ಕಾರ್ಬ್ಯುರೇಟರ್ ಇರುವ 1.3 ಲೀಟರ್ ಎಂಜಿನ್, ಮೂಡಿಗೆರೆ ಕಡೆಯ ಒಂದು ಸಣ್ಣ ಕಾಫಿ ತೋಟದಲ್ಲಿ ಕೆಲಸ. ಜಿಪ್ಸಿ 1985ರಲ್ಲಿ 970 ಸಿಸಿ ಎಂಜಿನ್ನಿನೊಡನೆ ಬಂದಿತು, 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್ ಆಯಿತು, 2000ದಲ್ಲಿ ಕಾರ್ಬ್ಯುರೇಟರ್ ಬದಲು ಎಂಪಿಎಫ್‌ಐ ಎಂಬ ಇಂಧನ ಚಿಮ್ಮಿಸುವ ವ್ಯವಸ್ಥೆ ಪಡೆಯಿತು. ಆದರೆ ಮುಂದೆ ಹಿಂದೆ ಗಟ್ಟಿ ಆಕ್ಸಲ್ ಮತ್ತು ಪ್ಲೇಟ್ ಸ್ಪ್ರಿಂಗ್ ಎಂಬ ಮೂಲ ಏರ್ಪಾಡು ಕೊನೆಯವರೆಗೂ ಬದಲಾಗಲಿಲ್ಲವಾದ್ದರಿಂದ, ಇಲ್ಲಿ ಬರೆಯುವುದರಲ್ಲಿ ಹೆಚ್ಚಿನದು ಎಲ್ಲ ಜಿಪ್ಸಿಗಳಿಗೂ ಹೊಂದುತ್ತದೆ.

ನಡುಕಕ್ಕೆ ಪರಿಹಾರ ಹುಡುಕಿ ಪೇಟೆಯ ಒಂದು ದೊಡ್ಡ ವರ್ಕ್‌ಶಾಪಿಗೆ ಹೋದಾಗ ಅವರು ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿದರು, ಆಮೇಲೆ ಟೈರ್ ಬದಲಿಸಲು ಹೇಳಿದರು, ಕೊನೆಗೆ ಸ್ಟೀರಿಂಗಿನ ಹೊಡೆತ ತಡೆಯುವ ಹೊಸ ಡ್ಯಾಂಪರ್ ಹಾಕಿ ಬಿಲ್ ಕೊಟ್ಟರು. ಡ್ಯಾಂಪರ್ ಹೊಸದಿರುವಷ್ಟು ಕಾಲ ನಡುಕ ಅಡಗಿತ್ತು, ಮಳೆಗಾಲ ಮುಗಿಯುವಷ್ಟರಲ್ಲಿ ಹಿಂತಿರುಗಿತು. ಡ್ಯಾಂಪರ್ ರೋಗವನ್ನು ಮುಚ್ಚುತ್ತದೆಯೇ ಹೊರತು ಗುಣಪಡಿಸುವುದಿಲ್ಲ ಎಂಬುದು ಆ ವರ್ಕ್‌ಶಾಪಿನವರಿಗೆ ಗೊತ್ತಿರಲಿಲ್ಲವೆಂದು ನಂಬುವುದು ನನಗೆ ಈಗಲೂ ಕಷ್ಟ.

ನಿಜವಾದ ಕಾರಣ ಕಿಂಗ್‌ಪಿನ್ ಬೇರಿಂಗುಗಳಲ್ಲಿತ್ತು. ಆಕ್ಸಲ್ಲಿನ ತುದಿಯಲ್ಲಿ ಚಕ್ರವನ್ನು ಹೊತ್ತು ಎಡಬಲಕ್ಕೆ ಹೊರಳುವ ಗೆಣ್ಣಿಗೆ ನಕಲ್ ಎನ್ನುತ್ತಾರೆ; ಅದು ತಿರುಗುವುದು ಕಿಂಗ್‌ಪಿನ್ ಎಂಬ ಗೂಟಗಳಿಗೆ ಮೇಲೊಂದು ಕೆಳಗೊಂದು ಇರುವ ಈ ಬೇರಿಂಗುಗಳ ಮೇಲೆ. ಅವು ಸವೆದು ಸಡಿಲವಾದರೆ ಚಕ್ರವನ್ನು ಹಿಡಿದು ನಿಲ್ಲಿಸುವ ಬಿಗಿ ಉಳಿಯುವುದಿಲ್ಲ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಮುಂದಿನ ಚಕ್ರವನ್ನು ಜಾಕಿ ಹಾಕಿ ಎತ್ತಿ, ಟೈರಿನ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು ಅಲುಗಾಡಿಸಬೇಕು. ಪ್ಲೇ, ಅಂದರೆ ಸಡಿಲ ಅಲುಗಾಟ, ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೊಮ್ಮೆ ಅಲುಗಾಡಿಸಿದಾಗ ಪ್ಲೇ ಮಾಯವಾದರೆ ತೊಂದರೆ ವೀಲ್ ಬೇರಿಂಗಿನದು, ಹಾಗೆಯೇ ಉಳಿದರೆ ಕಿಂಗ್‌ಪಿನ್ನಿನದು. ಅಕ್ಕಪಕ್ಕ ಹಿಡಿದು ಅಲುಗಾಡಿಸಿದಾಗ ಮಾತ್ರ ಪ್ಲೇ ಬಂದರೆ ಚಕ್ರಗಳನ್ನು ಸ್ಟೀರಿಂಗಿಗೆ ಜೋಡಿಸುವ ಟೈ ರಾಡಿನ ತುದಿಯ ಕೀಲುಗಳ ಕಡೆ ನೋಡಬೇಕು.

ಊರಿನ ಹಳೆಯ ಮೆಕ್ಯಾನಿಕ್ ಒಬ್ಬರು, "ಬೇರಿಂಗ್ ಹಾಕೋದು ಯಾರಿಗೂ ಬರುತ್ತೆ ಸಾರ್, ಶಿಮ್ ಲೆಕ್ಕ ಹಾಕೋದು ಕೆಲಸ" ಎನ್ನುತ್ತಲೇ ಬಿಚ್ಚಿದರು. ಕಿಂಗ್‌ಪಿನ್ನಿನ ಅಡಿಯ ಶಿಮ್ ಎಂಬ ತೆಳುವಾದ ಲೋಹದ ಬಿಲ್ಲೆಗಳನ್ನು ತೆಗೆದಷ್ಟೂ ಬೇರಿಂಗ್ ಬಿಗಿಯಾಗುತ್ತದೆ. ಎಷ್ಟು ಬಿಗಿ ಎಂಬುದನ್ನು ಅವರು ಅಳೆದದ್ದು ಹಳೆ ಪೇಪರ್ ಕೊಳ್ಳುವವರು ಬಳಸುವಂಥ ಕೊಕ್ಕೆ ತಕ್ಕಡಿಯಿಂದ: ಟೈ ರಾಡ್ ಬಿಚ್ಚಿ, ನಕಲ್‌ನ ಎಣ್ಣೆ ಸೀಲ್ ಹಾಕುವ ಮೊದಲು, ನಕಲ್ ತೋಳಿಗೆ ಕೊಕ್ಕೆ ಸಿಕ್ಕಿಸಿ ಎಳೆದು, ಅದು ತಿರುಗಲು ಆರಂಭಿಸುವಾಗ ಮುಳ್ಳು 1ರಿಂದ 1.8 ಕಿಲೋ ನಡುವೆ ನಿಲ್ಲುವವರೆಗೆ ಶಿಮ್ ಬದಲಿಸುತ್ತ ಹೋದರು. ಎರಡೂ ಬದಿಗೆ ಇಡೀ ಹಗಲು ಹಿಡಿಯಿತು. ಆ ಸಂಜೆ ಘಾಟಿಯಿಂದ ಕೆಳಗಿನ ಬಯಲು ರಸ್ತೆಯಲ್ಲಿ ಎಪ್ಪತ್ತರಲ್ಲಿ ಓಡಿಸಿದಾಗ ಸ್ಟೀರಿಂಗ್ ಒಮ್ಮೆಯೂ ಮಿಸುಕಲಿಲ್ಲ.

ಅಂದಿನಿಂದ ಈ ಗಾಡಿಯ ಬಗ್ಗೆ ನನ್ನ ಸಿಟ್ಟು ಇಳಿದಿದೆ ಎಂದೇ ಹೇಳಬೇಕು. ಕಾರಣ ತಿಳಿದರೆ ಸ್ಪ್ಯಾನರಿನಿಂದ ಸರಿಪಡಿಸಬಹುದಾದ ದೋಷಗಳೇ ಇದರಲ್ಲಿ ಹೆಚ್ಚು. ಈಗ ಪ್ರತಿ ಭಾನುವಾರ ಕಾಫಿ ಕುಡಿದ ಮೇಲೆ ಒಂದು ಹಳೆ ಪಂಚೆಯ ತುಂಡು ಹಿಡಿದು ಮುಂದಿನ ಚಕ್ರಗಳ ಹಿಂದೆ ಕುಕ್ಕರುಗಾಲಲ್ಲಿ ಕೂತು, ನಕಲ್‌ನ ಹೊಳೆಯುವ ಗೋಲವನ್ನು ಒರೆಸುತ್ತೇನೆ. ಬಟ್ಟೆಗೆ ಗಟ್ಟಿ ಕಪ್ಪು ಗ್ರೀಸ್ ಹತ್ತಿದರೆ ಚಿಂತೆಯಿಲ್ಲ. ತೆಳ್ಳಗಿನ ಗೇರ್ ಎಣ್ಣೆ ಹತ್ತಿದರೆ ಆಕ್ಸಲ್ ಕೊಳವೆಯೊಳಗಿನ ಸೀಲ್ ಹೋಗಿ, ಆಕ್ಸಲ್ಲಿನ ನಡುವಿನ ಗೇರುಗಳ ಗುಂಡಿಯಾದ ಡಿಫರೆನ್ಷಿಯಲ್ಲಿನ ಎಣ್ಣೆ ನಕಲ್‌ಗೆ ಇಳಿದು ಗ್ರೀಸನ್ನು ಕರಗಿಸುತ್ತಿದೆ ಎಂದರ್ಥ. ಅದನ್ನು ಕಡೆಗಣಿಸಿದರೆ ಎಣ್ಣೆ ಬ್ರೇಕಿಗೂ ತಲುಪುತ್ತದೆ. ಬಳಿಕ, ಎಂಜಿನ್ನಿನ ಶಕ್ತಿಯನ್ನು ಆಕ್ಸಲ್‌ಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟುಗಳ ನಿಪ್ಪಲ್‌ಗಳಿಗೆ, ಹಳೆ ಗ್ರೀಸ್ ಹೊರಬರುವವರೆಗೆ ಗ್ರೀಸ್ ಗನ್ ಒತ್ತುತ್ತೇನೆ. ಮಕ್ಕಳು ಇದನ್ನು ಅಪ್ಪನ ಪೂಜೆ ಎನ್ನುತ್ತಾರೆ.

ಜಿಪ್ಸಿಯಲ್ಲಿ ಶಕ್ತಿಯನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿರದೆ ಬೇರೆಯಾಗಿ ರಬ್ಬರ್ ಮೌಂಟುಗಳ ಮೇಲೆ ನೇತಾಡುವುದರಿಂದ, ಇಲ್ಲಿ ಶಾಫ್ಟುಗಳು ಎರಡರ ಬದಲು ಮೂರು. ಮೌಂಟ್ ಹರಿದರೆ ಆಕ್ಸಿಲರೇಟರ್ ಒತ್ತಿದಾಗ ಫೋರ್‌ವೀಲ್ ಲಿವರ್ ಕುಣಿಯುತ್ತದೆ, ಕೆಲವೊಮ್ಮೆ ಗೇರಿನಿಂದ ಜಾರುತ್ತದೆ. ಇದಕ್ಕೆ ಇಡೀ ಟ್ರಾನ್ಸ್‌ಫರ್ ಕೇಸ್ ಬದಲಿಸಬೇಕೆಂದು ಹೇಳುವವರಿದ್ದಾರೆ. ಮೊದಲು ಮೌಂಟ್ ನೋಡಿ. ಗಾಡಿ ಹೊರಡುವಾಗ 'ಟಕ್' ಎಂದರೆ ಶಾಫ್ಟಿನ ಕೀಲಿನಲ್ಲಿರುವ ಕ್ರಾಸ್ ಸವೆದಿರುವ ಸಂಭವ ಹೆಚ್ಚು.

ತೋಟದ ಗೇಟಿನಲ್ಲಿ ಇಳಿದು, ಮಳೆಯಲ್ಲೇ ಮುಂದಿನ ಎರಡೂ ಚಕ್ರಗಳ ನಡುವಿನ ಹಬ್‌ಗಳನ್ನು ಫ್ರೀಯಿಂದ ಲಾಕ್‌ಗೆ ತಿರುಗಿಸಿ ಆಕ್ಸಲ್‌ಗೆ ಜೋಡಿಸಿ, ಮತ್ತೆ ಹತ್ತಿ ಲಿವರ್ ಎಳೆಯುವುದು ಹೊಸಬರಿಗೆ ತಲೆನೋವೆನಿಸಬಹುದು. ನನಗೆ ದಿನದಲ್ಲಿ ಅದೇ ಇಷ್ಟದ ಕೆಲಸ. ಲೋ ರೇಂಜಿನ ಮೊದಲ ಗೇರಿನಲ್ಲಿ ಕ್ಲಚ್ ಮೇಲೆ ಕಾಲಿಡದೆ, ಕೆಸರಿನ ಏರನ್ನು ಈ ಹಗುರ ಗಾಡಿ ಹತ್ತುವ ನಿಧಾನವನ್ನು ಅನುಭವಿಸಿಯೇ ತಿಳಿಯಬೇಕು. ಡಾಂಬರಿಗೆ ಬಂದ ಕೂಡಲೇ ಟೂವೀಲ್‌ಗೆ ಹಾಕಬೇಕು. ಮುಂದಿನ ಹಿಂದಿನ ಆಕ್ಸಲ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸೆಂಟರ್ ಡಿಫರೆನ್ಷಿಯಲ್ ಇಲ್ಲದ ಗಾಡಿಯಲ್ಲಿ ಒಣ ರಸ್ತೆಯ ತಿರುವುಗಳು ಶಾಫ್ಟು, ಗೇರುಗಳನ್ನು ತಿರುಚುತ್ತವೆ.

ಮಾರುತಿಯದೇ ಹೊಸ ಫೋರ್‌ವೀಲ್ ಗಾಡಿ, ಐದು ಬಾಗಿಲಿನ ಜಿಮ್ನಿ, 2023ರಲ್ಲಿ ಬಂದಾಗ ಅದರ ಆರಂಭಿಕ ಶೋರೂಮ್ ಬೆಲೆ 12.74 ಲಕ್ಷ ರೂಪಾಯಿ. ಕಾಯಿಲ್ ಸ್ಪ್ರಿಂಗಿನ ಆ ಸುಖ ಜಿಪ್ಸಿಯಲ್ಲಿಲ್ಲ, ನನ್ನ ಬೆನ್ನು ಅದನ್ನು ದಿನವೂ ಹೇಳುತ್ತದೆ. ಲೀಟರಿಗೆ ಹತ್ತು ಕಿ.ಮೀ. ದಾಟುವುದೂ ಅಪರೂಪ. ಆದರೆ ಗೊಬ್ಬರದ ಚೀಲ ಹೇರಲು ಅಷ್ಟು ದುಡ್ಡು ಹಾಕುವ ಶಕ್ತಿ ನನ್ನ ತೋಟಕ್ಕಿಲ್ಲ.

ಕೊಳ್ಳುವವರು, ಪ್ಲೇಟ್ ಸ್ಪ್ರಿಂಗನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್‌ಗಳನ್ನು ಉದ್ದದ್ದು ಹಾಕಿ ಎತ್ತರಿಸಿ, ಅಗಲದ ಟೈರ್ ತೊಡಿಸಿದ ಗಾಡಿಗಳನ್ನು ಅನುಮಾನದಿಂದ ನೋಡುವುದು ಒಳ್ಳೆಯದು; ಅದರಿಂದ ಕ್ಯಾಸ್ಟರ್ ಕೋನ, ಅಂದರೆ ಕಿಂಗ್‌ಪಿನ್ನಿನ ಓರೆ, ಕೆಟ್ಟು ನಡುಕ ಇನ್ನಷ್ಟು ಹೆಚ್ಚುತ್ತದೆ. ಮ್ಯಾಟ್ ಎತ್ತಿ ಕಾಲಿಡುವ ತಗಡನ್ನು, ಬಾಡಿ ಮೌಂಟುಗಳ ಸುತ್ತಲನ್ನು, ಪ್ಲೇಟು ಚಾಸಿಗೆ ಸೇರುವ ಜಾಗವನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ತಗಡು ತೂತಾದರೆ ವೆಲ್ಡಿಂಗ್ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಬಹುದು. ಚಾಸಿಯೊಳಕ್ಕೆ ಸ್ಕ್ರೂಡ್ರೈವರ್ ಇಳಿದರೆ, ಎಂಜಿನ್ ಎಷ್ಟೇ ಚೆನ್ನಾಗಿ ಓಡುತ್ತಿರಲಿ, ಆ ಗಾಡಿ ಬೇಡ.