ಮಣಿಕಟ್ಟಿನ ಪಟ್ಟಿ: ನಿದ್ದೆ ಕೊಟ್ಟಿತು, ಅಂಟು ಬಿಟ್ಟಿತು

ವರ್ಷ ದಾಟಿದೆ, ಬೆರಳು ಜೋಮು ಹಿಡಿಯದಂತೆ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಈ ಪಟ್ಟಿಯನ್ನು ದಿನವೂ ರಾತ್ರಿ ಬಲಗೈಗೆ ಕಟ್ಟಿಕೊಂಡೇ ಮಲಗುತ್ತೇನೆ. ಇದರ ವೆಲ್ಕ್ರೋ ಬಗ್ಗೆ ಮಾತ್ರ ನನಗೆ ತುಂಬಾ ಸಿಟ್ಟಿದೆ.

ನಮ್ಮದು ಶಿಡ್ಲಘಟ್ಟ, ಮನೆಯಲ್ಲೇ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕೆಲಸ. ಎಷ್ಟು ಗುಡಿಸಿದರೂ ಸೆರಗಿನಲ್ಲಿ, ಚಾಪೆಯ ಅಂಚಿನಲ್ಲಿ, ತಲೆಗೂದಲಿನಲ್ಲಿ ರೇಷ್ಮೆ ಎಳೆ ಉಳಿದೇ ಇರುತ್ತದೆ. ವೆಲ್ಕ್ರೋದ ಸಣ್ಣ ಕೊಕ್ಕೆಗಳು ಅದನ್ನೆಲ್ಲ ಹೆಕ್ಕಿ ಹಿಡಿಯುತ್ತವೆ. ಕೊಕ್ಕೆ ತುಂಬಿತೆಂದರೆ ಪಟ್ಟಿ ಕಚ್ಚುವುದಿಲ್ಲ. ನಡುರಾತ್ರಿ ಸಡಿಲವಾಗಿ ಕೈ ಮಡಚಿಕೊಳ್ಳುತ್ತದೆ, ಬೆರಳು ಉರಿದು ಎಚ್ಚರವಾಗುತ್ತದೆ.

ಹಾಗಾಗಿ ಊಟ ಮುಗಿಸಿ ಪಾತ್ರೆ ತೊಳೆದ ಮೇಲೆ ದೀಪದ ಕೆಳಗೆ ಕೂರುತ್ತೇನೆ. ಸೀರೆಯ ಪಿನ್ನಿನಿಂದ ಕೊಕ್ಕೆಗಳ ಸಾಲಿನ ನಡುವೆ ಕೆದಕಿ ಎಳೆಯ ತುದಿ ಹುಡುಕಬೇಕು. ತುದಿ ಸಿಕ್ಕರೆ ಗೂಡಿನಿಂದ ಬಿಚ್ಚಿದ ಹಾಗೆಯೇ ಉದ್ದಕ್ಕೆ ಬರುತ್ತದೆ. ಉಳಿದದ್ದನ್ನು ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ತಿಕ್ಕುತ್ತೇನೆ. ಹಳೆಯ ಬನಿಯನ್ನಿನ ತೋಳನ್ನು ಕತ್ತರಿಸಿಟ್ಟುಕೊಂಡಿದ್ದೇನೆ. ಅದನ್ನು ಒಳಗೆ ತೊಟ್ಟು ಮೇಲೆ ಪಟ್ಟಿ ಬಿಗಿದರೆ ಬೇಸಿಗೆಯಲ್ಲೂ ಬೆವರಿನ ತುರಿಕೆ ಇಲ್ಲ.

ಇಷ್ಟು ಬೈದರೂ ಇದಿಲ್ಲದೆ ಮಲಗಲಾರೆ. ಮೊದಲು ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದವು, ಕಿರುಬೆರಳಿಗೆ ಏನೂ ಆಗುತ್ತಿರಲಿಲ್ಲ. ಡಾಕ್ಟರು ಕಾರ್ಪಲ್ ಟನಲ್ ತೊಂದರೆ ಎಂದರು. ಮಣಿಕಟ್ಟಿನ ಇಕ್ಕಟ್ಟಿನಲ್ಲಿ ಹಾದುಹೋಗುವ ಮೀಡಿಯನ್ ನರ ಅಮುಕಿಹೋಗುವುದರಿಂದ ಹೀಗಾಗುತ್ತದೆ; ಕಿರುಬೆರಳಿನ ನರದ ದಾರಿ ಬೇರೆ. ನಿದ್ದೆಯಲ್ಲಿ ಮಣಿಕಟ್ಟು ಮಡಚಿದರೆ ನರದ ಮೇಲೆ ಒತ್ತಡ ಹೆಚ್ಚು, ನೇರವಾಗಿದ್ದರೆ ಕಡಿಮೆ.

ಆದರೆ ಅಂಗಡಿಯಿಂದ ತಂದಾಗ ಒಳಗಿನ ಅಲ್ಯೂಮಿನಿಯಂ ತಗಡು ಮೇಲಕ್ಕೆ ಬಾಗಿತ್ತು. ಫಿಸಿಯೋಥೆರಪಿಯ ಹುಡುಗಿ ಅದನ್ನು ಹೊರಗೆಳೆದು, ಮೇಜಿನ ಅಂಚಿಗೆ ಒತ್ತಿ ನೇರ ಮಾಡಿದಳು. "ಅಕ್ಕಾ, ಈ ಬಾಗು ಮಣಿಕಟ್ಟು ಜೋತುಬಿದ್ದವರಿಗೆ ಬೇಕು, ನಿಮಗೆ ಬೇಡ" ಎಂದು ಮತ್ತೆ ತೂರಿಸಿಕೊಟ್ಟಳು. ಕೆಲವು ವಾರಗಳಲ್ಲಿ ನಿದ್ದೆ ತಿರುಗಿ ಬಂತು. ಈಗ ಬೆಳಿಗ್ಗೆ ಗೂಡಿರುವ ಬಾಣಲೆಯ ಬಿಸಿನೀರಿಗೆ ಕೈಯಿಟ್ಟರೆ ಎಳೆಯ ತುದಿ ಬೆರಳಿಗೆ ತಾಕಿದ್ದು ತಿಳಿಯುತ್ತದೆ. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡದು ಬೇರೇನಿದೆ!

ಹಗಲು ಕೆಲಸಕ್ಕೆ ಇದು ಆಗದು. ನೆನೆದರೆ ಒಳಗಿನ ಸ್ಪಂಜು ಬೇಗ ಒಣಗುವುದಿಲ್ಲ, ಹುಳದ ವಾಸನೆ ಹೋಗುವುದೇ ಇಲ್ಲ. ಒಗೆಯುವಾಗ ತಗಡು ತೆಗೆದು, ವೆಲ್ಕ್ರೋ ಮುಚ್ಚಿ, ಸೋಪಿನ ನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಹಾಕಿ.

ನಾನೂರು ಚಿಲ್ಲರೆ ರೂಪಾಯಿಗೆ ಈ ನೆಮ್ಮದಿ ನನಗೆ ದುಬಾರಿಯಲ್ಲ. ಕೊಳ್ಳುವಾಗ ಎಡಗೈಯದೋ ಬಲಗೈಯದೋ ನೋಡಿ, ಮಣಿಕಟ್ಟಿನ ಸುತ್ತಳತೆ ತೆಗೆದುಕೊಂಡು ಹೋಗಿ. ಹೆಬ್ಬೆರಳಿನ ಬುಡದ ಮಾಂಸ ಕರಗುತ್ತಿದ್ದರೆ ಪಟ್ಟಿಯನ್ನೇ ನಂಬಿ ಕೂರಬೇಡಿ, ತಡಮಾಡದೆ ಡಾಕ್ಟರಿಗೆ ತೋರಿಸಿ. ರೇಷ್ಮೆ ಕೆಲಸದವರು ಬಕಲ್ ಇರುವ ಪಟ್ಟಿ ಸಿಕ್ಕರೆ ಅದನ್ನೇ ಕೊಳ್ಳಿ. ನನಗೆ ಸಿಗಲಿಲ್ಲ, ಹಳೆಯ ವೆಲ್ಕ್ರೋ ಬಿಚ್ಚಿಸಿ, ಚೀಲ ಹೊಲಿಯುವವರ ಹತ್ತಿರ ಹೊಸದನ್ನು ಹಾಕಿಸಿದ್ದೇನೆ. ಸದ್ಯಕ್ಕೆ ಗಟ್ಟಿಯಾಗಿ ಕಚ್ಚುತ್ತಿದೆ.